ಬೇವಿನೆಲೆಯಲ್ಲಿ ತಾಮ್ರ ಇರಲಿಲ್ಲ

ಬರದ ಎರಡನೇ ಬೇಸಿಗೆ. ಬೆಳಿಗ್ಗೆ ಏಳರ ಬಸ್ಸಿಗೆ ಬೀದರ್ ಬಿಟ್ಟೆ. ಚೀಲದಲ್ಲಿ ಎರಡು ರೊಟ್ಟಿ, ಪರೀಕ್ಷೆಯ ಫಲಿತಾಂಶ ಬರೆದ ಒಂದು ಹಾಳೆ. ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಕುರಿ ಸಾಕುವ ಶಾಂತಾಬಾಯಿಗೆ ನಾನೊಂದು ತಪ್ಪು ಮಾತು ಹೇಳಿದ್ದೆ. ಫೋನಿನಲ್ಲಿ ಮಾಡಿದ ತಪ್ಪನ್ನು ಫೋನಿನಲ್ಲೇ ತಿದ್ದಲು ಮನಸ್ಸಾಗಲಿಲ್ಲ.

ನಾನು ಕಾಲೇಜಿನ ಪ್ರಯೋಗಾಲಯದಲ್ಲಿ ಗಿಡಗಳ ಸಾರ ತೆಗೆಯುವವನು. ಸ್ಪಿರಿಟಿನಂಥವು ಬೇಡವೆಂದು ನೀರು, ನಿಂಬೆಹುಳಿಯಲ್ಲೇ ತೆಗೆದು, ಅದರಲ್ಲಿ ಲೋಹವೆಷ್ಟಿದೆ ಎಂದು ನೋಡುತ್ತೇವೆ. ಶಾಂತಾಬಾಯಿಯವರ ಕುರಿಗಳು ಕೆಂಪು ಉಚ್ಚೆ ಹೊಯ್ದು ಸಾಯುತ್ತಿದ್ದವು. ಅವುಗಳಿಗೆ ಹೊಟ್ಟೆಹುಳಕ್ಕೆಂದು ಕುಡಿಸುವ ಬೇವಿನ ಔಷಧವನ್ನು ಬಾಟಲಿಯಲ್ಲೂ, ಹಸಿ ಎಲೆಯನ್ನು ಬಟ್ಟೆಯಲ್ಲೂ ತಂದುಕೊಟ್ಟಿದ್ದರು. ಬಾಟಲಿಯಲ್ಲಿ ತಾಮ್ರ ಕಂಡಿತು. ಎಲೆ ನೋಡುವ ಮೊದಲೇ ಫೋನು ಮಾಡಿ, ಗಿಡವೇ ನೆಲದಿಂದ ತಾಮ್ರ ಹೀರಿರಬೇಕು ಎಂದುಬಿಟ್ಟೆ. ವಾರದ ಮೇಲೆ ನಾವು ಎಲೆಯಿಂದ ತೆಗೆದ ಸಾರದಲ್ಲಿ ತಾಮ್ರ ಹೆಸರಿಗೆ ಮಾತ್ರ ಇತ್ತು.

ದಾರಿ ಸುತ್ತಾದರೂ ಭಾಲ್ಕಿಗೆ ಹೋಗಿ ಇಳಿದು ಪರಿಚಯದ ಪಶುವೈದ್ಯರಿಗೆ ಹಾಳೆ ತೋರಿಸಿದೆ. "ಕುರಿಗಿ ತಾಮ್ರ ತಡಿಯಂಗಿಲ್ರಿ. ಔಷಧ ಯಾವುದರಾಗ ನೆನಿ ಹಾಕ್ತಾರ, ಮೊದಲ ಅದನ್ನ ನೋಡ್ರಿ" ಎಂದರು. ನಿಲ್ದಾಣದಲ್ಲಿ ಹೈದರಾಬಾದ್ ಬಸ್ಸಿಗೆ ಕಾಯುವ ಮಂದಿ ಹಾಸಿಗೆ ಗಂಟುಗಳ ಮೇಲೆ ಕುಳಿತಿದ್ದರು. ಔರಾದ್ ಬಸ್ಸು ಅರ್ಧ ಖಾಲಿ. ಬಿಸಿಗಾಳಿಗೆ ಕಿಟಕಿ ಮುಚ್ಚಿಕೊಂಡೆವು.

ಬೇವಿನ ಗಿಡದ ಕೆಳಗಿನ ದೊಡ್ಡಿ ಎಂದು ಗುರುತು ಹೇಳಿದ್ದರು. ದೊಡ್ಡಿ ಸಿಕ್ಕಿತು. ಗಿಡದ ಜಾಗದಲ್ಲಿ ಬೊಡ್ಡೆ ಮಾತ್ರ ಇತ್ತು.

"ನೀವೇ ಹೇಳಿದ್ರಲ್ರಿ ಸರ್. ಮರುದಿನಾನೇ ಕಡಿಸಿದ್ನಿರಿ. ನಮ್ಮತ್ತಿ ಹಚ್ಚಿದ ಗಿಡ" ಎಂದರು ಶಾಂತಾಬಾಯಿ. ಹಾಳೆ ಹೊರಗೆ ತೆಗೆಯಲು ನಾಚಿಕೆಯಾಯಿತು.

"ಔಷಧ ಯಾವುದರಾಗ ಮಾಡ್ತೀರಿ ಅವ್ವಾ?"

ಹಳೆಯ ತಾಮ್ರದ ಪಾತ್ರೆ ತಂದರು. ಒಳಗಿನ ಬಿಳಿ ಕಲಾಯಿ ಪೂರಾ ಸವೆದು ಹಸಿರು ಕಿಲುಬು ಹಿಡಿದಿತ್ತು. ಎಲೆಯನ್ನು ಹುಳಿಮಜ್ಜಿಗೆಯಲ್ಲಿ ಎರಡು ದಿನ ನೆನೆಹಾಕುತ್ತಿದ್ದುದು ಅದರಲ್ಲೇ.

"ಕಲಾಯಿಯಂವ ದುಡ್ಯಾಕ ಹೋದಂವ ತಿರುಗಿ ಬಂದಿಲ್ರಿ. ಮಜ್ಜಿಗಿ ಕಿಲುಬಾತು ಅಂತ ನಾವು ಸ್ಟೀಲಿಂದು ತಗೊಂಡ್ವಿ. ಕುರಿಗಿ ಏನ್ ರುಚಿ ತಿಳೀತದ ಅಂತ ಔಷಧಕ್ಕ ಇದನ್ನೇ ಇಟ್ಟಿದ್ನಿರಿ."

"ಹುಳಿಗಿ ಈ ಪಾತ್ರಿ ತಾಮ್ರ ಬಿಟ್ಟದರಿ. ಗಿಡದ್ದೇನೂ ತಪ್ಪಿಲ್ರಿ ಅವ್ವಾ. ನಾನೇ ಅವಸರ ಮಾಡಿದೆ."

ಅವರು ಪಾತ್ರೆಯನ್ನು ಬೋರಲು ಹಾಕಿ, "ಇದಕ್ಕಾದ್ರ ಮತ್ತ ಕಲಾಯಿ ಹಾಕಿಸಬಹುದ್ರಿ" ಎಂದು, ಒಳಗಿನಿಂದ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟರು. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬಸ್ಸಿನ ಹೊತ್ತಾಯಿತೆಂದು ಹೊರಟು ತಿರುಗಿ ನೋಡಿದೆ. ಉಳಿದ ಒಂಬತ್ತು ಕುರಿಗಳು ಬೊಡ್ಡೆಯ ಸುತ್ತ, ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತಲೆ ಹಾಕಿ ನಿಂತಿದ್ದವು.