ನೀಲಪ್ಪ ಹೊಲಿದ ಗಾಳಿಯ ಕೊಳವೆ

ಅಕ್ಕಿಆಲೂರಿನಿಂದ ಹಾನಗಲ್ಲು, ಬಂಕಾಪುರ, ಸವಣೂರು ಹಾದು ಯಲವಿಗಿ ಸ್ಟೇಷನ್ನಿಗೆ ಹೋಗುತ್ತಿದ್ದ ಕರಿಬಸಪ್ಪನವರ ಮೋಟಾರನ್ನು ಕಂಡವರು ಈಗ ಬಹಳ ಮಂದಿ ಉಳಿದಿಲ್ಲ. ಅದರ ಬೆನ್ನಿಗೆ ನಿಂತು ಇದ್ದಿಲು ಸುರಿಯುತ್ತಿದ್ದ ನೀಲಪ್ಪನನ್ನು ನೆನೆಯುವವರು ಇನ್ನೂ ಕಡಿಮೆ. ನಾನು ಸವಣೂರಿನ ವೀಳ್ಯದೆಲೆಯ ಪೆಂಡಿಗಳನ್ನು ಆ ಮೋಟಾರಿನ ನೆತ್ತಿಯ ಮೇಲೆ ಹೇರಿ ಹಾನಗಲ್ಲಿಗೂ ಯಲವಿಗಿಗೂ ಒಯ್ದು ಮಾರಿದವನು. ಶಾಲೆಯ ಕಟ್ಟೆ ಹತ್ತಲಿಲ್ಲ. ಅಂಗಡಿಗಳ ಹಲಗೆ ಓದಿ ಅಕ್ಷರ ಕಲಿತೆ. ಕಂಡದ್ದನ್ನು ಕಂಡ ಹಾಗೆ ಬರೆಯುವುದಕ್ಕೆ ಅಷ್ಟು ಸಾಕು.

ಎರಡನೆಯ ಮಹಾಯುದ್ಧ ಶುರುವಾಗಿ ಎರಡು ವರ್ಷಕ್ಕೆ ಪೆಟ್ರೋಲು ಕೂಪನ್ನಿನ ಪಾಲಾಯಿತು. ಅಕ್ಕಿ ಗಿರಣಿಯ ಸಾಹುಕಾರರಾದ ಕರಿಬಸಪ್ಪನವರು ಹುಬ್ಬಳ್ಳಿಗೆ ಹೋಗಿ ಮೋಟಾರಿನ ಬೆನ್ನಿಗೆ ಇದ್ದಿಲ ಹಂಡೆ ಕಟ್ಟಿಸಿಕೊಂಡು ಬಂದರು. ಆಳೆತ್ತರದ ಕಬ್ಬಿಣದ ಹಂಡೆ. ಅದರಲ್ಲಿ ಇದ್ದಿಲು ತುಂಬಿ, ತಳದಲ್ಲಿ ಕೆಂಡ ಮಾಡಿ, ಕೈಯಿಂದ ಫ್ಯಾನು ತಿರುವಿದರೆ ಗ್ಯಾಸು ಹುಟ್ಟುತ್ತಿತ್ತು. ಅದು ಉದ್ದನೆಯ ಕೊಳವೆಯಲ್ಲಿ ಆರುತ್ತ ಮುಂದಕ್ಕೆ ಹರಿದು, ಇಂಜಿನ್ನಿನ ಬಾಯಿಯ ಹತ್ತಿರ ಗಾಳಿಯೊಡನೆ ಬೆರೆತು ಒಳಗೆ ಹೋಗಿ ಉರಿಯುತ್ತಿತ್ತು. ಪೆಟ್ರೋಲು ಕುಡಿದು ಕುದುರೆಯ ಹಾಗೆ ಓಡುತ್ತಿದ್ದ ಮೋಟಾರು ಇದ್ದಿಲಿಗೆ ಗಬ್ಬದ ಎಮ್ಮೆಯ ಹಾಗೆ ನಡೆಯತೊಡಗಿತು.

ಹಂಡೆ ನೋಡಿಕೊಳ್ಳಲು ನೀಲಪ್ಪನನ್ನು ಇಟ್ಟುಕೊಂಡರು. ಹಾನಗಲ್ಲಿನ ತೊಗಲು ಕೆಲಸದ ಮನೆತನದವನು. ಸುತ್ತಲಿನ ಕಮ್ಮಾರರಿಗೆ ತಿದಿ ಹೊಲಿದು ಕೊಡುತ್ತಿದ್ದವರು, ಬಾವಿಯಿಂದ ನೀರೆತ್ತುವ ಕಪಲಿಗೆ ತೊಗಲ ಚೀಲ ಹೊಲಿಯುತ್ತಿದ್ದವರು ಅವನ ಅಪ್ಪ, ಅಜ್ಜ. ಬೆಂಕಿಗೆ ಉಸಿರು ಹೇಗೆ ಕೊಡಬೇಕೆಂಬುದು ಅವನಿಗೆ ಕೈಯಲ್ಲೇ ಗೊತ್ತಿತ್ತು. ಮೋಟಾರಿನ ಒಳಗೆ ಕೂರುವವನಲ್ಲ ಅವನು. ಹಿಂದಿನ ಪಾವಟಿಗೆಯ ಮೇಲೆ, ಹಂಡೆಯ ಬಿಸಿಗೆ ಮೈಯೊಡ್ಡಿ ನಿಂತೇ ಯಲವಿಗಿಯ ತನಕ ಹೋಗುತ್ತಿದ್ದ.

ಬಂಕಾಪುರ ದಾಟಿದ ಮೇಲೆ ಕೆಂಪು ಮಣ್ಣಿನ ಒಂದು ಏರು. ಮುಂಜಾನೆಯ ದಿಬ್ಬಗಳನ್ನೆಲ್ಲ ತೇಕುತ್ತ ಹತ್ತುತ್ತಿದ್ದ ಮೋಟಾರು ಮಧ್ಯಾಹ್ನ ಈ ಏರಿಗೆ ಬಂದರೆ ಕಾಲು ಮಡಚುತ್ತಿತ್ತು. ಮಂದಿಯೆಲ್ಲ ಇಳಿದು ನೂಕಬೇಕು. ಯಲವಿಗಿಯಲ್ಲಿ ಎರಡು ಗಂಟೆಗೆ ಹುಬ್ಬಳ್ಳಿಯ ಕಡೆಯ ರೈಲು; ಎಷ್ಟೋ ಸಲ ಅದು ಕಣ್ಣೆದುರೇ ಹೋಗುತ್ತಿತ್ತು. ಡ್ರೈವರ್ ಬಾಬಾಜಾನ ಇದ್ದಿಲನ್ನು ಬೈಯುತ್ತಿದ್ದ, ಸರಕಾರವನ್ನು ಬೈಯುತ್ತಿದ್ದ. ನೀಲಪ್ಪ ಮಾತ್ರ ಒಂದು ದಿನ ಏರಿನ ಮೇಲೆ ಬಾನೆಟ್ಟು ಎತ್ತಿ, ಇಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಅಂಗೈ ಹಿಡಿದು ನೋಡಿದ.

“ಬಾಬಾಣ್ಣ, ಇದು ತನ್ನ ಬಿಸಿ ಉಸರ ತಾನ ನುಂಗಾಕತ್ತೈತಿ ನೋಡ್ರಿ” ಎಂದ.

“ಅಂದ್ರ?”

“ಕಮ್ಮಾರ ಸಾಲ್ಯಾಗ ನಸುಕಿನ್ಯಾಗ ತಿದಿ ಒತ್ತಿದ್ರ ಕೆಂಡ ಬೆಳ್ಳಗಾಕ್ಕಾವು. ಅದ ತಿದಿ ಮಟಮಟ ಮಧ್ಯಾಹ್ನ ಒತ್ರಿ, ಬರೇ ಕೆಂಪು. ಬಿಸಿ ಗಾಳಿ ಹಗುರ, ಹೊಟ್ಟಿ ತುಂಬಂಗಿಲ್ಲ. ಇಂಜಿನ್ನಿನ ಮಗ್ಗಲದ ಗಾಳಿ ಬಿಟ್ಟು ಮುಂದಿನ ತಂಪು ಗಾಳಿ ಕುಡಿಸಿದ್ರ ಎಳೀತೈತಿ.”

“ಮೋಟಾರಿಗೆ ಬೀಸಣಿಗಿ ಹಾಕ್ತೀಯೇನಲೇ? ಮದ್ಲ ನನಗ ಹಾಕು. ಇಲ್ಲಿ ಬೆವತು ಸಾಯಾಕತ್ತೇನಿ.”

ನಗೆಯಾಡಿದರೂ ಬಾಬಾಜಾನ ಅಡ್ಡ ಬರಲಿಲ್ಲ. ಕಪಲಿಯ ತೊಗಲ ಚೀಲಕ್ಕೆ ಸೊಂಡಿಲು ಇರುತ್ತದಲ್ಲ, ಅದೇ ಅಳತೆಯಲ್ಲಿ ನೀಲಪ್ಪ ಒಂದು ಕೊಳವೆ ಹೊಲಿದ. ಇಂಜಿನ್ನು ಎಳೆದಾಗ ಚಪ್ಪಟೆಯಾಗಬಾರದೆಂದು ಒಳಗೆ ಬೆತ್ತದ ಬಳೆಗಳನ್ನಿಟ್ಟ. ಹೊಲಿಗೆಯ ದಾರಕ್ಕೆ ಮೇಣ ತಿಕ್ಕಿ ಕೊಟ್ಟವಳು ಅವನ ಹೆಂಡತಿ ಅಡಿವೆವ್ವ. ಕೊಳವೆಯ ಒಂದು ತುದಿ ಮೋಟಾರಿನ ಮೂಗಿನ ಹತ್ತಿರ, ದೀಪದ ಪಕ್ಕದಲ್ಲಿ. ಧೂಳು ಹೋಗದಂತೆ ಅದರ ಬಾಯಿಗೆ ತೆಳುವಾದ ಬಟ್ಟೆ. ಇನ್ನೊಂದು ತುದಿ ಇಂಜಿನ್ನಿನ ಬಾಯಿಗೆ. ಹೊಗೆ ಹೋಗುವ ಸುಡು ಕೊಳವೆಯಿಂದ ದೂರ, ಎದುರು ಮಗ್ಗುಲಲ್ಲಿ ಹಾಯಿಸಿ, ಮೇಲೆ ಒದ್ದೆ ಗೋಣಿ ಸುತ್ತಿದ. ತೊಗಲು ಬಿಸಿಯನ್ನು ಒಳಗೆ ಬಿಡುವುದಿಲ್ಲ, ಗೋಣಿ ಆರುವ ತನಕ ತಂಪು ಹಿಡಿಯುತ್ತದೆ.

ಮರುದಿನ ಕೆಂಪು ಏರಿನಲ್ಲಿ ನಾವೆಲ್ಲ ಇಳಿಯಲು ಎದ್ದು ನಿಂತೆವು. ಬಾಬಾಜಾನ ಹಿಂತಿರುಗಿ, “ಕುಂದ್ರಿ, ಕುಂದ್ರಿ! ನೀಲಪ್ಪ ಇದಕ್ಕ ಸೊಂಡಿ ಹಚ್ಯಾನ, ಇವತ್ತ ಆನಿ ಆಗೇತಿ” ಎಂದು ಕೂಗಿದ. ಮೋಟಾರು ತೇಕಿತು, ನಡುಗಿತು, ಆದರೆ ನಿಲ್ಲಲಿಲ್ಲ. ಎರಡು ಗಂಟೆಯ ರೈಲಿಗೆ ಇನ್ನೂ ಕಾಲು ತಾಸು ಇರುವಾಗ ಯಲವಿಗಿ ಮುಟ್ಟಿದೆವು. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆಯೇ ನಡೆಯಿತು. ಆ ವರ್ಷ ರೈಲು ತಪ್ಪಿಸಿಕೊಂಡವನನ್ನು ನಾನು ಕಾಣೆ.

ನಲವತ್ತಮೂರನೆಯ ಇಸವಿಯ ಮಹಾನವಮಿ ಬಂತು. ಆಯುಧ ಪೂಜೆಯ ದಿನ ಗಿರಣಿಯ ಅಂಗಳದಲ್ಲಿ ಮೋಟಾರು ತೊಳೆದು ನಿಲ್ಲಿಸಿ, ಬಾಳೆಕಂಬ ಕಟ್ಟಿ, ಸಾಹುಕಾರರ ತಾಯಿ ಶಿವಬಸವ್ವ ಆರತಿ ಎತ್ತುವುದು ಆ ಮನೆಯ ಪದ್ಧತಿ. ಹಿಂದಿನ ವರ್ಷ ಅವರು ಮೈಯಲ್ಲಿ ಹುಷಾರಿಲ್ಲದೆ ಹೊರಗೆ ಬಂದಿರಲಿಲ್ಲ. ಈ ಸಲ ಬಂದವರು ಬಾನೆಟ್ಟಿನ ಕೆಳಗೆ ಬಗ್ಗಿ ನೋಡಿ ತಟ್ಟೆಯನ್ನು ಕೆಳಗಿಟ್ಟರು.

“ಸತ್ತ ದನದ ತೊಗಲು ಹೊಟ್ಟ್ಯಾಗ ಇಟಗೊಂಡದ್ದಕ್ಕ ನಾ ಆರತಿ ಎತ್ತಂಗಿಲ್ಲ.”

ಬಾಬಾಜಾನ ಸುಮ್ಮನಿರುವ ಪೈಕಿಯಲ್ಲ. “ಅಮ್ಮಾರ, ನಿಮ್ಮ ತ್ವಾಟದ ಬಾವ್ಯಾಗ ನೀರು ಯಾವ ಚೀಲದಾಗ ಬರ್ತೈತ್ರಿ? ಅದ ನೀರು ನಿಮ್ಮ ಮಲ್ಲಿಗಿ ಗಿಡಕ್ಕ, ಅದ ಮಲ್ಲಿಗಿ ದೇವರಿಗೆ. ಈ ಮೋಟಾರಷ್ಟ ಏನ್ ಪಾಪ ಮಾಡೇತ್ರಿ?”

“ನೀ ಗಾಡಿ ಹೊಡಿ, ಶಾಸ್ತ್ರ ಹೇಳಬ್ಯಾಡ” ಎಂದರು ಶಿವಬಸವ್ವ.

ನೀಲಪ್ಪ ಪ್ರತಿ ವರ್ಷದಂತೆ ಅಂಗಳದ ಹೊರಗೆ, ರಸ್ತೆಯ ಆಚೆ ನಿಂತಿದ್ದ. ಕರಿಬಸಪ್ಪನವರು ಅತ್ತ ನೋಡಿದರು, ಇತ್ತ ನೋಡಿದರು. ಕೆಟ್ಟವರಲ್ಲ ಅವರು, ತಾಯಿಯ ಮಾತು ಮೀರಿದವರೂ ಅಲ್ಲ. “ನೀಲಪ್ಪ, ಒಳಗ ಬಾರೋ. ಈ ಮೋಟಾರು ನಿಂದೂ ಹೌದು. ಈ ಸಲ ಕಾಯಿ ನೀನ ಒಡಿ” ಎಂದು ಕರೆದು, ಮಾತು ಅಲ್ಲಿಗೇ ನಿಲ್ಲಿಸಿ ಕೊಳವೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು.

ತೆಗೆ ಎಂದು ಯಾರೂ ಹೇಳಲಿಲ್ಲ. “ಇಷ್ಟಕ್ಕ್ಯಾಕ್ರಿ ಸಾವ್ಕಾರ್ರ, ತಗೀತೇನಿ” ಎಂದವನು ನೀಲಪ್ಪನೇ. ಗೋಣಿ ಬಿಚ್ಚಿ, ಕೊಳವೆ ಕಳಚಿ ರಸ್ತೆಯ ಆಚೆ ಇಟ್ಟು ಬಂದ. ಕೈ ತೊಳೆದು ಕಾಯಿ ಒಡೆದ. ಅಷ್ಟು ಮಂದಿಯ ನಡುವೆ, ಆ ಅಂಗಳದಲ್ಲಿ, ಅವನ ಮನೆತನದವರು ಯಾರೂ ಅಲ್ಲಿಯ ತನಕ ಕಾಯಿ ಒಡೆದಿರಲಿಲ್ಲ. ಅವನ ಮುಖ ನೋಡಿದ್ದೇನೆ. ಹೊಸ ಮದುಮಗನ ಮುಖ.

ಮರುವಾರ ತವರದ ಕೊಳವೆ ಮಾಡಿಸಿ ಕೆಂಪು ಬಣ್ಣ ಬಳಿದು ಹಾಕಿದ. ನೋಡಲು ಚಂದ ಇತ್ತು. ತಂಪಿನ ದಿನಗಳಾದ್ದರಿಂದ ಮೋಟಾರೂ ಹೇಗೋ ಎಳೆಯಿತು. ಮನೆಯಲ್ಲಿ ಅಡಿವೆವ್ವ ಮಾತ್ರ ಬಿಡಲಿಲ್ಲ. ನಾನು ಎಲೆ ಕೊಡಲು ಹೋದಾಗ ನನ್ನೆದುರೇ ಗಂಡನಿಗೆ ಕೇಳಿಸುವಂತೆ ಹೇಳಿದಳು:

“ಕಾಯಿ ಒಡಿಯಾಕ ಕರದ್ರಂತ ಕೊಳವಿ ಬಿಚ್ಚಿ ಬಂದಾನ್ರಿ, ಶ್ಯಾಣ್ಯಾ! ದಾರಕ್ಕ ಮೇಣ ತಿಕ್ಕಿ ನನ್ನ ಬೆರಳಿನ ತೊಗಲ ಸುಲದೈತಿ. ನನ್ನ ಒಂದ ಮಾತ ಕೇಳಿದ್ಯೇನ ನೀ?”

“ಬ್ಯಾಸಿಗಿ ಬರ್ಲಿ, ತಿರುಗಿ ಹಾಕ್ತೇನೇಳು.”

“ಹಾಕಿದಾಗ ಹೇಳು, ನಾನೂ ಒಂದು ಕಾಯಿ ಒಡಿತೇನಿ. ನಿನ್ನ ತಲಿಮ್ಯಾಲ.”

ಬೇಸಿಗೆ ಬಂತು. ಹೋಳಿ ಹುಣ್ಣಿಮೆಯ ಹೊತ್ತಿಗೆ ಮೋಟಾರು ಏರಿನಲ್ಲಿ ಮತ್ತೆ ಕಾಲು ಮಡಚತೊಡಗಿತು. ತೊಗಲಿನದು ಹಾಕೆಂದು ಬಾಬಾಜಾನ ಹಗಲೆಲ್ಲ ಗಂಟುಬಿದ್ದ. ನೀಲಪ್ಪನದು ಒಂದೇ ಮಾತು: “ಯುಗಾದಿ ಒಂದ ದಾಟ್ಲಿ ಬಾಬಾಣ್ಣ. ಯುಗಾದಿಗೂ ಪೂಜಿ ಐತಿ. ಕಾಯಿ ಒಡಿಯಾಕ ಸಾವ್ಕಾರ್ರು ನನಗ ಹೇಳ್ಯಾರ.” ಹದಿನೈದು ದಿನದ ಮಾತಲ್ಲವೇ ಎಂದು ಬಾಬಾಜಾನನೂ ಒಪ್ಪಿದ.

ಯುಗಾದಿಗೆ ಮೂರು ದಿನ ಇತ್ತು. ಅಡಿವೆವ್ವನಿಗೆ ಎರಡು ದಿನದಿಂದ ಹೊಟ್ಟೆ ನೋವು. ಓಮು ಅರೆದು ಕುಡಿಸಿದರು, ಕಾವು ಕೊಟ್ಟರು, ತಗ್ಗಲಿಲ್ಲ. ಮುಂಜಾನೆ ಹಾನಗಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕರುಳು ತಿರುಚಿಕೊಂಡಿದೆ, ಇಲ್ಲಿ ಆಗುವ ಕೆಲಸವಲ್ಲ, ಕೊಯ್ಯಬೇಕು, ಮೀರಜಿನ ಮಿಶನ್ ದವಾಖಾನೆಗೆ ಒಯ್ಯಿರಿ, ಇವತ್ತೇ ಒಯ್ಯಿರಿ ಎಂದರು. ಹುಬ್ಬಳ್ಳಿಯ ಮೇಲೆ ಹಾದು ಮೀರಜಿಗೆ ಹೋಗಲು ಇದ್ದದ್ದು ಯಲವಿಗಿಯ ಎರಡು ಗಂಟೆಯ ರೈಲು ಒಂದೇ.

ಬಾಬಾಜಾನ ಹಿಂದಿನ ಉದ್ದ ಸೀಟು ಪೂರಾ ಬಿಡಿಸಿ ಅವಳನ್ನು ಮಲಗಿಸಿದ. ಎದ್ದವರು ಮುಂದೆ ಹೋಗಿ ನಿಂತರು. ಸವಣೂರಿಗೆ ಹೊರಟಿದ್ದ ಮುದುಕಿ ಹುಸೇನಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕುತ್ತ ಕುಳಿತಳು. ನೀಲಪ್ಪ ಎಂದಿನಂತೆ ಹಿಂದೆ, ಹಂಡೆಯ ಹತ್ತಿರ. ಅವನು ಒಳಗೆ ಕುಳಿತರೆ ಬೆಂಕಿ ನೋಡುವವರಿಲ್ಲ.

ಕೆಂಪು ಏರಿಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮೂರು ಸಲ ಎಳೆದ ಬಾಬಾಜಾನ, ಮೂರು ಸಲವೂ ಮೋಟಾರು ನಡುವೆಯೇ ನಿಂತಿತು. ಮಂದಿಯೆಲ್ಲ ಇಳಿದೆವು. ನೀಲಪ್ಪ ಓಡಿ ಬಂದು ಬಾನೆಟ್ಟು ಎತ್ತಿ ತವರದ ಕೊಳವೆ ಹಿಡಿದವನು ಕೈ ಝಾಡಿಸಿದ, ಅಂಗೈ ಸುಟ್ಟಿತ್ತು. ಇಂಜಿನ್ನಿನ ಕಾವೆಲ್ಲ ಆ ತವರಕ್ಕೆ ಏರಿತ್ತು. ತಲೆಯ ರುಮಾಲು ಬಿಚ್ಚಿ, ಕುಡಿಯುವ ನೀರಿನಲ್ಲಿ ಅದ್ದಿ ಸುತ್ತಿದ. ಚುಸ್ ಎಂದು ಹಬೆ ಎದ್ದಿತು, ಎರಡು ಮಾರು ಹೋಗುವುದರೊಳಗೆ ರುಮಾಲು ಒಣಗಿತು. ನಾವು ನೂಕಿದೆವು. ಹತ್ತು ಹೆಜ್ಜೆ, ಗಾಲಿಗೆ ಕಲ್ಲು ಒಡ್ಡುವುದು. ಮತ್ತೆ ಹತ್ತು ಹೆಜ್ಜೆ.

ಒಳಗಿನಿಂದ ಅಡಿವೆವ್ವ ಕೇಳಿದಳು: “ಏರಿತೇನು?”

“ಏರಾಕತ್ತೈತಿ” ಎಂದ ನೀಲಪ್ಪ.

“ಸುಳ್ಳ ಹೇಳಬ್ಯಾಡ. ಸಪ್ಪಳ ನನಗ ಗೊತ್ತಾಕೈತಿ.”

ಹುಸೇನಬಿ, “ಸುಮ್ನ ಮಲ್ಕೊ ನನ್ನವ್ವ, ಮಾತಾಡಿ ದಣೀಬ್ಯಾಡ” ಎಂದಳು.

ನಾವು ಯಲವಿಗಿಯ ಗೇಟಿಗೆ ಬಂದಾಗ ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಹೊಗೆ ಮಾತ್ರ ಹೊಲದ ಮೇಲೆ ಅಡ್ಡಲಾಗಿ ಮಲಗಿತ್ತು. ಬಾಬಾಜಾನ ಮೋಟಾರನ್ನೇ ಹುಬ್ಬಳ್ಳಿಗೆ ಬಿಡುತ್ತೇನೆಂದು ಎದ್ದ. ಹಂಡೆಯಲ್ಲಿ ಇದ್ದಿಲು ತಳ ಕಂಡಿತ್ತು. ಯಲವಿಗಿಯ ಓಣಿ ಓಣಿ ತಿರುಗಿದರೂ ಎರಡು ಬುಟ್ಟಿಯ ಮೇಲೆ ಸಿಗಲಿಲ್ಲ. ಅಷ್ಟು ಇದ್ದಿಲಿಗೆ ಸವಣೂರು ಮುಟ್ಟಿದರೆ ಹೆಚ್ಚು. ಇನ್ನು ಮರುದಿನದ ಎರಡು ಗಂಟೆಯ ತನಕ ರೈಲಿಲ್ಲ.

ಮರುದಿನ ಹೊತ್ತು ಮಾರುದ್ದ ಏರಿದಾಗ ಅಡಿವೆವ್ವ ಪ್ಲಾಟ್‌ಫಾರ್ಮಿನ ಬೇವಿನ ನೆರಳಿನಲ್ಲಿ ಹೋಗಿಬಿಟ್ಟಳು.

ಹೇಗೂ ಉಳಿಯುತ್ತಿರಲಿಲ್ಲ ಎಂದು ಊರವರು ಅಂದರು. ಆ ಬೇನೆಗೆ ಮೀರಜಿಗೆ ಹೋದವರೆಲ್ಲ ತಿರುಗಿ ಬಂದಿಲ್ಲ, ನಿಜ. ಆದರೆ ಆ ಮಾತು ನೀಲಪ್ಪನ ಕಿವಿಗೆ ಇಳಿಯಲಿಲ್ಲ. ಹನ್ನೆರಡನೆಯ ದಿನ ಅವನು ಗಿರಣಿಯ ಅಂಗಳಕ್ಕೆ ಬಂದು, ಹೊಸ ತೊಗಲು ಹಾಸಿಕೊಂಡು, ಬಾಳೆಕಂಬ ಕಟ್ಟುತ್ತಿದ್ದ ಜಾಗದಲ್ಲೇ ಕುಳಿತು ಹೊಲಿಯತೊಡಗಿದ. ದಾರಕ್ಕೆ ಮೇಣ ತಾನೇ ತಿಕ್ಕಿದ.

ಕರಿಬಸಪ್ಪನವರು ಹತ್ತಿರ ಬಂದರು. “ಹಾಕಿಬಿಡೋ ನೀಲಪ್ಪ. ಅವ್ವಗ ನಾ ಹೇಳ್ತೇನಿ. ಆವತ್ತ ನಾ ಕಣ್ಣ ಹಾಯಿಸಬಾರದಿತ್ತು.”

“ನೀವು ತಗಿ ಅಂದಿದ್ದಿಲ್ರಿ ಸಾವ್ಕಾರ್ರ. ತಗೀತೇನಿ ಅಂದಾಂವ ನಾನ.”

ಶಿವಬಸವ್ವ ಒಳಗಿನಿಂದ ಔಡಲ ಎಣ್ಣೆಯ ಗಡಿಗೆಯನ್ನು ತಾವೇ ಹೊತ್ತು ತಂದು ಕಟ್ಟೆಯ ಮೇಲಿಟ್ಟರು. ತೊಗಲಿಗೆ ಎಣ್ಣೆ ಬೇಕಾಗುತ್ತದೆಂದು ಅವರಿಗೂ ಗೊತ್ತಿತ್ತು. ನೀಲಪ್ಪ ತಲೆ ಎತ್ತಲಿಲ್ಲ. “ಬ್ಯಾಡ್ರಿ ಅಮ್ಮಾರ, ನಮ್ಮನ್ಯಾಗ ಐತಿ” ಎಂದ.

ಮುಂದಿನ ಮಹಾನವಮಿಗೆ ಕೊಳವೆ ಇದ್ದ ಹಾಗೆಯೇ ಶಿವಬಸವ್ವ ಆರತಿ ಎತ್ತಿದರು. ಕಾಯಿ ಒಡೆಯಲು ಎರಡು ಸಲ ಹೇಳಿ ಕಳುಹಿಸಿದರು. ನೀಲಪ್ಪ ಬರಲಿಲ್ಲ.

ಕೆಂಪು ಏರನ್ನು ಮೋಟಾರು ಮತ್ತೆ ನಿಲ್ಲದೆ ಹತ್ತಿತು. ಒಳಗಿನ ಮಂದಿ ಹುರುಪಿನಿಂದ ಕೂಗುವಾಗ ಹಿಂದೆ ಪಾವಟಿಗೆಯ ಮೇಲೆ ನಿಂತವನು ಆಚೆ ಮುಖ ಮಾಡುತ್ತಿದ್ದ. ಯಲವಿಗಿಗೆ ಕಾಲು ತಾಸು ಮೊದಲೇ ಬಂದರೆ ಎಲ್ಲರೂ ಚಹಾ ಕುಡಿಯಲು ಹೋಗುವರು. ಅವನು ಬೂದಿ ಕೆರೆಯುತ್ತ ಹಂಡೆಯ ಹಿಂದೆಯೇ ಉಳಿಯುವನು. ಸ್ಟೇಷನ್ನಿನ ಒಳಗೆ ಕಾಲಿಡಲಿಲ್ಲ. ಯುದ್ಧ ಮುಗಿದು ಪೆಟ್ರೋಲು ಸಿಗತೊಡಗಿ ಹಂಡೆ ಬಿಚ್ಚಿಸುವ ತನಕ ಅವನು ಆ ಕೆಲಸದಲ್ಲಿದ್ದ. ಆಮೇಲೆ ಹಿರೇಕೆರೂರಿನ ಕಡೆ, ಮಗಳ ಊರಿಗೆ ಹೋದ. ಅಲ್ಲಿಯೇ ತಿದಿ ಹೊಲಿಯುತ್ತ ತೀರಿಕೊಂಡನೆಂದು ಕೇಳಿದೆ.

ಒಂದೇ ಒಂದು ಸಲ ಅವನು ಸ್ಟೇಷನ್ನಿನ ಒಳಗೆ ಹೋದದ್ದನ್ನು ಕಂಡಿದ್ದೇನೆ. ಹಂಡೆ ಬಿಚ್ಚಿಸುವ ವರ್ಷ, ಬೇಸಿಗೆಯಲ್ಲಿ. ಬಂಕಾಪುರದಲ್ಲಿ ಒಬ್ಬ ಒಕ್ಕಲಿಗ ತನ್ನ ಹೆಂಡತಿಯನ್ನು ಕಂಬಳಿಯಲ್ಲಿ ಸುತ್ತಿ ಹತ್ತಿಸಿದ. ಮೀರಜಿಗೆ ಎಂದ. ಯಲವಿಗಿ ಬಂದದ್ದೇ ನೀಲಪ್ಪ ಬೂದಿಗೈಯನ್ನು ಧೋತರಕ್ಕೆ ಒರೆಸಿಕೊಂಡು ಮೋಟಾರಿನ ಒಳಗೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ಆ ಹೆಣ್ಣುಮಗಳನ್ನು ಎತ್ತಿಕೊಂಡು ಓಡಿದ. ಗಂಡ ಗಂಟು ಹಿಡಿದು ಹಿಂದೆ ಓಡುತ್ತ, “ಸಾವಕಾಶ ನಡೀರಿ ಯಪ್ಪಾ, ಇನ್ನೂ ಹೊತ್ತೈತಿ, ಗಾಡಿ ಬಂದಿಲ್ಲ” ಎಂದು ಕೂಗಿದ.

ಬೇವಿನ ಕೆಳಗೆ ಅವಳನ್ನು ಮಲಗಿಸಿ ನೀಲಪ್ಪ ಪಕ್ಕದಲ್ಲಿ ಕುಳಿತ. ಏದುಸಿರು ಬಿಡುತ್ತಿದ್ದ. ರೈಲು ಬಂದು ನಿಲ್ಲುವ ತನಕ ಏಳಲಿಲ್ಲ. ತಾನೇ ಹತ್ತಿಸಿ, ತಾನೇ ಅವಳ ತಲೆಯ ಕೆಳಗೆ ಕಂಬಳಿ ಮಡಚಿ ಇಟ್ಟ. ಕಿಟಕಿಯಿಂದ ಆ ಒಕ್ಕಲಿಗ ಕೈಮುಗಿದು, “ಮೀರಜದ ದಾರಿ ನಮಗ ಹೊಸಾದು. ನಿಮ್ಮ ಪೈಕಿ ಯಾರರ ಹೋಗಿದ್ರೇನ್ರಿ?” ಎಂದು ಕೇಳಿದ.

“ಇಲ್ಲ. ನಮ್ಮಾಕಿ ಇಲ್ಲೀತನಾ ಬಂದಿದ್ಲು” ಎಂದ ನೀಲಪ್ಪ.