ಅವ್ವ ಕೊಟ್ಟ ದಪ್ಪ ಎಲೆಯ ಗಿಡ

ಮದುವೆಯಾಗಿ ಧಾರವಾಡದ ಕೆಲಗೇರಿಗೆ ಬಂದ ವರ್ಷ ಅವ್ವ ತವರೂರು ಗರಗದಿಂದ ಒಂದು ಕುಂಡ ತಂದುಕೊಟ್ಟಳು. ದಪ್ಪ ದಪ್ಪ ಎಲೆ, ಚಳಿಗಾಲಕ್ಕೆ ಗೊಂಚಲು ಗೊಂಚಲು ಕೆಂಪು ಹೂ. ಹೆಸರು ಅವಳಿಗೂ ಗೊತ್ತಿರಲಿಲ್ಲ. "ಭಾಳ ಗಟ್ಟಿ ಜೀವ ಐತಿ ಇದು," ಅಂದಿದ್ದಳು. ಮುಂದಿನ ಯುಗಾದಿಗೆ ಅವಳೇ ಇರಲಿಲ್ಲ. ನೋಡುವವರಿಲ್ಲದೆ ತವರಿನ ಹಿತ್ತಲು ಒಣಗಿತು. ಅವಳ ಕೈಯದು ಅಂತ ಉಳಿದದ್ದು ಈ ಗಿಡ ಒಂದೇ.

ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮ ನಲ್ಲಿಗೆ ನೀರು ಬರುತ್ತಿದ್ದದ್ದು ಎಂಟು ದಿನಕ್ಕೊಮ್ಮೆ. ಆದರೂ ನಮ್ಮ ಠೀವಿ ನೋಡಬೇಕು! ಹೊಸ ನೀರು ಬಂತೆಂದರೆ ಸಾಕು, ನಿನ್ನೆಯವರೆಗೆ ಜೋಪಾನ ಮಾಡಿ ಕುಡಿದ ನೀರು ಒಮ್ಮೆಲೇ 'ಹಳೇ ನೀರು' ಆಗಿಬಿಡುತ್ತಿತ್ತು. ಓಣಿಗೆ ಓಣಿಯೇ ಅದನ್ನು ಹೊರಗೆ ಚೆಲ್ಲಿ ಹಂಡೆ, ಕೊಡ ತಿಕ್ಕಲು ಕೂರುತ್ತಿತ್ತು. ನಾನು ಮಾತ್ರ ಅಷ್ಟನ್ನೂ ಗಿಡಗಳಿಗೆ ಹಾಕುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ಅವ್ವನ ಗಿಡಕ್ಕೆ.

"ಅದಕ್ಕ ಇಷ್ಟ ನೀರು ಬ್ಯಾಡವ್ವಾ, ಎಲಿಯೊಳಗ ಇಟ್ಕೊಂಡಿರತೈತಿ," ಎಂದು ಅತ್ತೆ ಒಮ್ಮೆ ಹೇಳಿದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಈಗಲೂ ಅದು ಇಳಿದಿಲ್ಲ. ಚೆಲ್ಲುವ ನೀರನ್ನೂ ನಮ್ಮವ್ವನ ಗಿಡಕ್ಕೆ ಕೊಡಲು ಇವರಿಗೆ ಮನಸ್ಸಿಲ್ಲ ಅಂದುಕೊಂಡೆ. ಮರುವಾರ ಇನ್ನೂ ಎರಡು ತಂಬಿಗೆ ಜಾಸ್ತಿಯೇ ಸುರಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಗಿಡದ ಬುಡ ಕಪ್ಪಾಗಿ, ಹಿಡಿದರೆ ಕೈಗೇ ಬಂತು. ಕುಂಡದ ಎರೆಮಣ್ಣು ಗಬ್ಬೆಂದು ನಾರುತ್ತಿತ್ತು. ನೆಟ್ಟಗಿರುವ ಒಂದು ಎಲೆಯೂ ಸಿಗಲಿಲ್ಲ.

"ನಿಮ್ಮ ಕಣ್ಣ ಬಿತ್ತು ನೋಡ್ರಿ ಇದಕ್ಕ!" ಎಂದು ಅತ್ತೆಯ ಮೇಲೆ ಹರಿಹಾಯ್ದೆ. ಕೊಳೆಸಿದವಳು ನಾನೇ ಎಂದು ಒಳಗೊಳಗೇ ಗೊತ್ತಿತ್ತು, ಅದಕ್ಕೇ ದನಿ ಅಷ್ಟು ಏರಿತ್ತು. ಅವರು ಮಂಡಿನೋವಿನ ಕಾಲೆಳೆಯುತ್ತ ಮಾಳಿಗೆಯ ಮೆಟ್ಟಿಲು ಹತ್ತಿಹೋದರು.

ಇಳಿದು ಬಂದಾಗ ಕೈಯಲ್ಲಿ ಎಣ್ಣೆಯ ಹಳೇ ಡಬ್ಬಿ ಇತ್ತು. ತಳಕ್ಕೆಲ್ಲ ಮೊಳೆಯಿಂದ ಹೊಡೆದ ತೂತು, ಒಳಗೆ ಬರೀ ಉಸುಕು ಮತ್ತು ಹೆಂಚಿನ ಚೂರು. ಅದರಲ್ಲಿ ಅದೇ ದಪ್ಪ ಎಲೆಯ ಮೂರು ಟೊಂಗೆ ಗಟ್ಟಿಯಾಗಿ ನಿಂತಿದ್ದವು.

"ಹೇಳಿದ್ರ ನೀ ಕೇಳಾಕಿ ಅಲ್ಲ. ಬ್ಯಾಸಗ್ಯಾಗ ಮೂರ ಟೊಂಗಿ ಮುರದು ಮ್ಯಾಲೆ ತಗಡಿನ ಕೆಳಗ ಹಚ್ಚಿಟ್ಟಿದ್ದೆ," ಅಂದರು. "ನಿಮ್ಮವ್ವಂದು ಇದೊಂದ ಉಳದಿತ್ತಲ್ಲ."

ಅವ್ವ ಹೋದಾಗಲೂ ನಾನು ಅತ್ತೆಯ ಮುಂದೆ ಕಣ್ಣೀರು ಹಾಕಿರಲಿಲ್ಲ. ಅವತ್ತು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಳದಲ್ಲೇ ಕೂತು, ಅವರ ಸೀರೆಯ ನಿರಿಗೆ ಹಿಡಿದು ಅತ್ತುಬಿಟ್ಟೆ.