ಅಮ್ಮನ ನಗುವಿಗೆ ತಕ್ಕ ಕ್ಯಾಮೆರಾ

ತನ್ನ ಲೆನ್ಸ್ ಹಾಕಿದರೆ ಚಂದ್ರನ ಮೇಲಿನ ಇರುವೆಯ ಮೀಸೆ ಎಣಿಸಬಹುದು ಎಂದು ಅಣ್ಣ ಬೀದಿಗೆಲ್ಲ ಡಂಗುರ ಸಾರಿದ್ದ. ಅದೆಷ್ಟು ಉದ್ದದ ಲೆನ್ಸೆಂದರೆ, ಅವನಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದು ಬಂದು ಮನೆಯ ಬಾಗಿಲು ತಟ್ಟುತ್ತಿತ್ತು.

ತಂಗಿ ಬಟ್ಟೆ ಹೊಲಿಯುವವಳು. ಬಿಡುವು ಸಿಕ್ಕರೆ ಫೋಟೊ ತೆಗೆಯುವ ಹುಚ್ಚು. ಅವಳ ಹಳೆಯ ಕ್ಯಾಮೆರಾ ಕೆಟ್ಟು ಕೂತಿತ್ತು. ಹೊಸದು ತುರ್ತಾಗಿ ಬೇಕಿತ್ತು, ಏಕೆಂದರೆ ಸೋಮವಾರ ಅಮ್ಮನ ಹಲ್ಲುಗಳನ್ನೆಲ್ಲ ಕೀಳಿಸುವುದಿತ್ತು. ಅಮ್ಮ ನಕ್ಕರೆ ಮುಂದಿನ ಎರಡು ಹಲ್ಲುಗಳ ನಡುವೆ ಲಾರಿ ತಿರುಗಿಸುವಷ್ಟು ಸಂದು. ಆ ನಗು ಮನೆಯ ಒಂದು ಫೋಟೊದಲ್ಲೂ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಅಮ್ಮ ತುಟಿ ಬಿಗಿದು ಪೊಲೀಸ್ ಠಾಣೆಯಲ್ಲಿ ಕೂತವಳಂತಾಗುತ್ತಿದ್ದಳು.

ಅಂಗಡಿಗೆ ಅಣ್ಣನೂ ಸಲಹೆಗಾರನಾಗಿ ಹೊರಟ. ತಂಗಿ ಕತ್ತರಿ ಆರಿಸುವ ಹಾಗೆಯೇ ಕ್ಯಾಮೆರಾ ಆರಿಸಿದಳು: ಕಣ್ಣು ಮುಚ್ಚಿ, ಬೆರಳಿನಿಂದ. ಗುಂಡಿ ತೋರುಬೆರಳಿಗೆ ತಾನಾಗಿ ಸಿಗಬೇಕು, ಮಣಿಕಟ್ಟು ಸೋಲಬಾರದು. ಆಮೇಲೆ ಒಂದೊಂದನ್ನೂ ಕಿವಿಗೆ ಹಿಡಿದು ಒತ್ತಿದಳು.

"ಏನಮ್ಮಾ, ಕಲ್ಲಂಗಡಿ ಹಣ್ಣು ನೋಡ್ತಿದೀರಾ?" ಅಂಗಡಿಯವನು ನಕ್ಕ.

"ಸದ್ದು ಮಾಡಿದ್ರೆ ನಮ್ಮಮ್ಮ ಬಾಯಿ ಮುಚ್ಕೋತಾಳೆ."

ಕೊನೆಗೆ ಮೂಲೆಯಲ್ಲಿದ್ದ, ಬಣ್ಣ ಸವೆದ ಪುಟ್ಟದೊಂದು ಅವಳ ಕೈಹಿಡಿಯಿತು.

"ಇದಾ? ಸೋಪಿನ ಡಬ್ಬಿ ಥರ ಇದೆಯಲ್ಲೇ!" ಅಂದ ಅಣ್ಣ.

ಭಾನುವಾರ ಅಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಅಣ್ಣ ತನ್ನ ತೋಪಿನಂಥ ಲೆನ್ಸ್ ಹೂಡಿದ. ಮೂಗಿನ ಹೊಳ್ಳೆಯಷ್ಟೇ ಕಂಡಿತು. ಹಿಂದೆ ಸರಿದ, ಒಂದು ಕಿವಿಯೂ ಸೇರಿತು. ಇನ್ನೂ ಸರಿದ, ಹಿತ್ತಿಲ ಬಾಗಿಲನ್ನೂ ದಾಟಿದ.

"ಹೀಗೇ ಹೋದ್ರೆ ಪಕ್ಕದ ಊರು ಸಿಗುತ್ತೆ ಕಣೋ!" ಅಮ್ಮ ಕೂಗಿದಳು.

ಊರು ಸಿಗಲಿಲ್ಲ, ಬಟ್ಟೆ ನೆನೆಹಾಕಿದ್ದ ಟಬ್ಬು ಸಿಕ್ಕಿತು. ಅಣ್ಣ ದೊಪ್ಪನೆ ಅದರೊಳಗೆ ಕೂತ, ಲೆನ್ಸನ್ನು ಮಾತ್ರ ಕೂಸಿನಂತೆ ತಲೆಯ ಮೇಲೆತ್ತಿ ಹಿಡಿದು. ಅಮ್ಮ ಬಿದ್ದು ಬಿದ್ದು ನಕ್ಕಳು; ಆ ನಗುವಿಗೆ ಅಟ್ಟದ ಮೇಲಿನ ಪಾತ್ರೆಗಳೂ ದನಿಗೂಡಿಸಿದವು. ಒಲೆಯ ಪಕ್ಕ ನಿಂತಿದ್ದ ತಂಗಿಯ ಕಣ್ಣು ಅಮ್ಮನ ಮುಖ ಬಿಟ್ಟು ಕದಲಲಿಲ್ಲ. ಗುಂಡಿಯನ್ನು ತೋರುಬೆರಳೇ ಹುಡುಕಿಕೊಂಡಿತು. ಸದ್ದೇ ಇಲ್ಲ. ಫೋಟೊದಲ್ಲಿ ಹಲ್ಲಿನ ಸಂದು ಸಮೇತ ಇಡೀ ಅಮ್ಮ.

ಅಣ್ಣ ನೊರೆ ಒರೆಸಿಕೊಳ್ಳುತ್ತ ಬಂದು ಇಣುಕಿದ. "ಚೆನ್ನಾಗೇನೋ ಬಂದಿದೆ. ಆದ್ರೆ ನಿನ್ ಡಬ್ಬೀಲಿ ಚಂದ್ರ ಕಾಣ್ತಾನೇನೇ?"

"ಚಂದ್ರನ್ನ ನೀನೇ ಇಟ್ಕೊಳ್ಳಣ್ಣ," ಅಂದಳು. "ನಮ್ಮಮ್ಮ ಅಷ್ಟು ದೂರ ಇಲ್ಲ."